ಬಾಯಲ್ಲಿ ಲವಂಗ, ಬೆರಳ ಮೇಲೆ ಕಣ್ಣು

ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಶಾಂತಾಬಾಯಿ ಮೊನ್ನೆ ಮನೆಮನೆಗೆ ಪೇಡೆ ಹಂಚಿದಳು, ಹಂಚಿ ಹೋದವಳು ತಿರುಗಿ ಬಂದು ಇನ್ನೊಮ್ಮೆ ಹಂಚಿದಳು ಎಂದು. ಏನು ಮಾಡಲಿ, ಸಂತೋಷ ಒಳಗೆ ಹಿಡಿಸಲಿಲ್ಲ. ನನ್ನ ಮೊಮ್ಮಗಳು ಸ್ನೇಹಾ ನೌಕರಿಗೆ ಸೇರಿದಳು.

ಎಂಥ ನೌಕರಿ ಎಂದು ಪಕ್ಕದ ಮನೆಯ ಕಸ್ತೂರಕ್ಕ ಕೇಳಿದಳು. "ಮಂದಿ ಫೋನಿನ್ಯಾಗ ಅರ್ಜಿ ತುಂಬತಾರಲ್ಲ, ಆ ಅರ್ಜಿ ತಯಾರ ಮಾಡೂ ನೌಕರಿ" ಎಂದೆ.

"ತುಂಬೂದು ಗೊತ್ತೈತಿ. ತಯಾರ ಮಾಡೂದಂದ್ರ ಏನಬೇ? ಅದೇನು ಅಡಗಿಯೇನ?"

"ನೀ ಹೋಳಿಗಿ ಬಾಯಿಗೆ ಇಟ್ಕೋತಿ. ಹೂರಣ ಯಾರರ ರುಬ್ಬಬೇಕಲ್ಲ?"

ಕಸ್ತೂರಕ್ಕ ಪೇಡೆ ಬಾಯಿಗಿಟ್ಟುಕೊಂಡು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಸ್ನೇಹಾ ಸೇರಿದ್ದು ಬೇರೆ ಯಾರ ಕೈಕೆಳಗೂ ಅಲ್ಲ, ನಾನು ಇಷ್ಟು ವರ್ಷ ಜೊತೆಗಿದ್ದು ದುಡಿದ ವೈಶಾಲಿ ಬಾಯಿಯವರ ಹತ್ತಿರವೇ. ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅವರೇ ಹೇಳಿ ಕಳಿಸಿದರು: "ಮಾವಶಿ, ಹೊಸಾ ಹುಡುಗ್ಯಾರು ಬಂದಾರ. ಈ ಕೆಲಸ ಹೆಂಗ ಇತ್ತು ಅಂತ ನೀವ ಬರದು ಕೊಡ್ರಿ. ನಾ ಹೇಳಿದ್ರ ಪಾಠ ಆಗತೈತಿ." ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಸ್ನೇಹಾ ತಿದ್ದಿ ಕೊಟ್ಟಿದ್ದಾಳೆ. ಇನ್ನೂ ಎಲ್ಲಾದರೂ ಎಡವಿದ್ದರೆ ಅದು ನನ್ನ ಪಾಲಿನದು. ಎಡವುವುದೇ ನನ್ನ ಕೆಲಸವಾಗಿತ್ತು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಚಿಕ್ಕೋಡಿಯಲ್ಲಿ ಒಂದು ಸಂಸ್ಥೆ ಇತ್ತು. ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಹೆಣ್ಣುಮಕ್ಕಳನ್ನು ಆರಿಸಿ, ವಸತಿ ಕೊಟ್ಟು, ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುವ ಕೆಲಸ ಕಲಿಸುತ್ತಿದ್ದರು. ನಾನು ಅಲ್ಲಿ ಕಸ ಹೊಡೆದು ಚಹಾ ಮಾಡಲು ಸೇರಿದವಳು. ಆಗ ಅರ್ಜಿ ಎಂದರೆ ಗುಲಾಬಿ ಬಣ್ಣದ ಕಾಗದ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ, ಇನ್ನು ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ ತುಂಬಬೇಕು ಎಂದು ಕಾರ್ಯದರ್ಶಿ ಸಾಹೇಬರು ತೀರ್ಮಾನಿಸಿದರು. ಗುಲಾಬಿ ಕಾಗದದಲ್ಲಿ ಏನಿತ್ತೋ ಅದನ್ನು ಒಂದಕ್ಷರ ಬಿಡದೆ ಯಾರಿಂದಲೋ ಕಂಪ್ಯೂಟರಿಗೆ ಇಳಿಸಿದರು. ಬಸ್ ಸ್ಟ್ಯಾಂಡಿನ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ಹುಡುಗಿಯರು ಅಳುತ್ತ ಕೂರುವುದು ಶುರುವಾಯಿತು. ಮುಕ್ಕಾಲು ಅರ್ಜಿ ತುಂಬಿರುತ್ತಿದ್ದರು, ಎಲ್ಲೋ ಒಂದು ತಪ್ಪಾದರೆ ಸಾಕು, ಪರದೆಯ ಮೇಲೆ ಕೆಂಪಕ್ಷರದಲ್ಲಿ "ಅಮಾನ್ಯ" ಎಂದು ಬಂದು ತುಂಬಿದ್ದೆಲ್ಲ ಅಳಿಸಿ ಹೋಗುತ್ತಿತ್ತು. ಏನು ಅಮಾನ್ಯ, ಯಾಕೆ ಅಮಾನ್ಯ, ದೇವರಿಗೇ ಗೊತ್ತು. ಒಬ್ಬಳಂತೂ ನನ್ನ ಹತ್ತಿರ ಬಂದು, "ಮಾವಶಿ, ನಾ ಅಮಾನ್ಯ ಅದೀನಂತ" ಎಂದು ಸೆರಗು ಬಾಯಿಗೆ ಹಿಡಿದು ಅತ್ತಳು.

ಆ ಗದ್ದಲದಲ್ಲಿ ಅರ್ಜಿ ಸರಿಪಡಿಸುವ ಕೆಲಸಕ್ಕೆ ವೈಶಾಲಿ ಬಾಯಿ ಬಂದರು. ನಿಪ್ಪಾಣಿಯವರು, ಮನೆಮಾತು ಮರಾಠಿ, ತೆಳ್ಳಗೆ ಉದ್ದಕ್ಕೆ ಇದ್ದರು. ವಯಸ್ಸಿನಲ್ಲಿ ನನ್ನ ಮಗಳಂತಿದ್ದರು. ಬಂದ ದಿನ ಕಾರ್ಯದರ್ಶಿ ಸಾಹೇಬರ ಕೋಣೆಗೂ ಹೋಗಲಿಲ್ಲ, ಕಂಪ್ಯೂಟರ್ ಮುಂದೆ ಕುರ್ಚಿ ಎಳೆದು ನನ್ನನ್ನು ಕರೆದರು.

"ಮಾವಶಿ, ಕೂಡ್ರಿ. ಈ ಅರ್ಜಿ ತುಂಬ್ರಿ."

"ನಾ ಯಾಕ್ರೀ ಬಾಯಾರ? ನನಗ ಏನೂ ಬರೂದಿಲ್ಲ."

"ಬರೂದಿಲ್ಲ ಅಂತನ ಕರದೀನಿ. ಬರಾವ್ರನ್ನ ಕೂಡಿಸಿ ನಾ ಏನ್ ಕಲೀಲಿ?"

ಹೀಗೆ ಹೇಳಿ ಪರ್ಸಿನಿಂದ ಸಣ್ಣ ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಹಲ್ಲುನೋವೇನೋ ಎಂದುಕೊಂಡೆ. ಅಲ್ಲ. ಲವಂಗ ಬಾಯಲ್ಲಿರುವ ತನಕ ಅವರು ಮಾತಾಡುತ್ತಿರಲಿಲ್ಲ. ನಾನು ಒಂದು ಪ್ರಶ್ನೆಯ ಹತ್ತಿರ ತಡವರಿಸಿ ಅವರ ಮುಖ ನೋಡಿದರೆ, ಹೇಳಿಕೊಡಬೇಕು ಎಂಬ ಆಸೆ ಅವರ ಗಂಟಲಿಗೆ ಬಂದದ್ದು ನನಗೇ ಕಾಣುತ್ತಿತ್ತು. ಆಗ ಲವಂಗ ಕಚ್ಚುತ್ತಿದ್ದರು. ಕಣ್ಣಲ್ಲಿ ನೀರು ಬಂದರೂ ತುಟಿ ಬಿಚ್ಚುತ್ತಿರಲಿಲ್ಲ. ನಂತರ ಹೇಳಿದರು: "ತೆಲಸಂಗದಾಗ ಒಬ್ಬ ಹುಡುಗಿ ಅರ್ಜಿ ತುಂಬೂ ಮುಂದ ನಾ ಬಾಜೂಕ ಇರೂದಿಲ್ಲಲ್ರಿ. ಅಕಿಗೆ ಹೇಳಾಕ ಆಗದ್ದು ನಿಮಗ ಹೇಳಿದ್ರ, ಅದು ಮೋಸ."

ಮೌಸು ನನಗೆ ಹತೋಟಿಗೆ ಬರುತ್ತಿರಲಿಲ್ಲ. ನಾನು ಪರದೆಯ ಗಾಜಿನ ಮೇಲೆ ಬೆರಳಿಟ್ಟು ಓದುತ್ತಿದ್ದೆ, ಬಾಯಿಯವರು ಒತ್ತುತ್ತಿದ್ದರು. ಚಹಾ ಮಾಡಿ, ಭಜಿ ಕರಿದು ಬಂದ ಕೈ. ಗಾಜಿನ ತುಂಬ ಜಿಡ್ಡು. ಒರೆಸಲು ಹೋದರೆ ಕೈ ಹಿಡಿದರು. ಪರದೆಯನ್ನು ಬೆಳಕಿಗೆ ಓರೆ ಮಾಡಿ ಜಿಡ್ಡಿನ ಗುರುತು ನೋಡತೊಡಗಿದರು. ಎಲ್ಲಿ ಗುರುತು ತೆಳ್ಳಗಿತ್ತೋ ಅಲ್ಲಿ ಪ್ರಶ್ನೆ ಸಲೀಸು. ಎಲ್ಲಿ ಬೆರಳು ನಿಂತು, ತಿರುಗಿ, ಮತ್ತೆ ಬಂದು ದಪ್ಪಗೆ ಮೆತ್ತಿತ್ತೋ ಅಲ್ಲಿ ಪ್ರಶ್ನೆ ಕೆಟ್ಟದ್ದು. ಆ ಜಾಗವನ್ನೆಲ್ಲ ಗುರುತು ಹಾಕಿಕೊಂಡು ಹೊಸದಾಗಿ ಬರೆದರು. ನನ್ನ ಜಿಡ್ಡು ಕೈಗೂ ಒಂದು ಕಿಮ್ಮತ್ತಿದೆ ಎಂದು ನನಗೆ ಗೊತ್ತಾದ ದಿನ ಅದು. ನನ್ನ ಹುದ್ದೆ ಯಾವಾಗ ಏನಾಯಿತು ಎಂಬ ಲೆಕ್ಕ ಬಿಡಿ. ನನ್ನ ನೌಕರಿ ನಿಜವಾಗಿ ಶುರುವಾದದ್ದು ಆವತ್ತೇ.

"ಅಮಾನ್ಯ" ಎಂಬ ಮಾತನ್ನು ಅವರು ಮೊದಲು ಕಿತ್ತುಹಾಕಿದರು. ಅದರ ಬದಲು ಹೀಗೆ ಬರುತ್ತಿತ್ತು: "ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ. ನೀವು ತುಂಬಿದ ಉಳಿದದ್ದೆಲ್ಲ ಹಾಗೇ ಇದೆ." ಇಷ್ಟೇ. ಇಷ್ಟಕ್ಕೆ ಅಂಗಡಿಯಲ್ಲಿ ಅಳು ನಿಂತಿತು. ಹೊಸ ಹುಡುಗಿಯರೇ, ತಪ್ಪು ಎಂದು ಹೇಳುವುದು ಯಾರಿಗಾದರೂ ಬರುತ್ತದೆ. ಗಾಬರಿಯಾಗದಂತೆ ಹೇಳುವುದನ್ನು ನಾನು ಅವರೊಬ್ಬರಲ್ಲಿಯೇ ಕಂಡೆ.

ನಗೆಪಾಟಲಿಗೂ ಕಡಿಮೆ ಇರಲಿಲ್ಲ. ಕಂಪ್ಯೂಟರ್ ಬಾರದ ಹೆಣ್ಣುಮಕ್ಕಳಿಗಾಗಿ ರಾಯಬಾಗದಲ್ಲಿ ಒಂದು ಟೇಬಲ್ ಹಾಕಿ, ಕೇಳಿ ಕೇಳಿ ತುಂಬಲು ಒಬ್ಬ ಹುಡುಗನನ್ನು ಕೂರಿಸಿದ್ದರು. ಅವನು ದೂರದ ಊರಿನಲ್ಲಿ ಬೆಳೆದವನು, ನಮ್ಮ ರೂಢಿ ಅರಿಯದವನು, ಕೆಲಸದಲ್ಲಿ ಬಹಳ ಪ್ರಾಮಾಣಿಕ. ಪಾಲಬಾವಿಯ ಹೊಸ ಮದುವಣಗಿತ್ತಿಯೊಬ್ಬಳು ಬಂದಳು. ಗಂಡನ ಹೆಸರೇನು ಎಂದು ಕೇಳಿದ. ನಮ್ಮ ಕಡೆ ಗಂಡನ ಹೆಸರನ್ನು ಹಾಗೆ ಬರಿಬಾಯಲ್ಲಿ ಹೇಳುವ ರೂಢಿಯಿಲ್ಲ, ಹಿಂದೆ ಸಾಲಿನಲ್ಲಿ ಊರವರು ಬೇರೆ ನಿಂತಿದ್ದಾರೆ. ಅವಳು ನಾಚಿ, ಒಡಪು ಹಾಕಿ, ಪ್ರಾಸದ ಸಾಲಿನಲ್ಲಿ ಹೆಸರು ಸೇರಿಸಿಯೇ ಹೇಳಿದಳು. ಆ ಹುಡುಗ ಕೇಳಿದ್ದನ್ನು ಕೇಳಿದ ಹಾಗೆ ಒತ್ತಿದ. ಚಿಕ್ಕೋಡಿಯಲ್ಲಿ ನಾವು ತೆರೆದು ನೋಡಿದರೆ ಗಂಡನ ಹೆಸರಿನ ಜಾಗದಲ್ಲಿ ಹೀಗಿತ್ತು: "ತಾಟಿನ ತುಂಬ ತುಪ್ಪದ ಹೋಳಿಗಿ, ಅಪ್ಪಾಸಾಹೇಬರ ಹೆಸರ ಹೇಳತೀನಿ ಏರಿ ಮಾಳಿಗಿ."

ಆಫೀಸಿನವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ವೈಶಾಲಿ ಬಾಯಿಯೂ ನಕ್ಕರು. ನಗು ನಿಂತ ಮೇಲೆ ಕೇಳಿದರು: "ಮಾವಶಿ, ಅಲ್ಲಾ, ಆರೈಕಿ ಕೆಲಸ ಕಲಿಯಾಕ ಬರಾಕಿಗೆ ಗಂಡನ ಹೆಸರ ಯಾಕ ಬೇಕ್ರಿ?"

"ಮೊದಲಿಂದ ಐತ್ರಿ."

"ಯಾಕ ಐತಿ?"

ಬಾಯಿಯವರು ನನ್ನನ್ನು ಬಿಟ್ಟು ಕಾರ್ಯದರ್ಶಿ ಸಾಹೇಬರನ್ನು ಕೇಳಿದರು. ಅವರು, ವಸತಿಯಲ್ಲಿ ಹುಡುಗಿಗೆ ಮೈ ಸರಿಯಿಲ್ಲದಿದ್ದರೆ ಯಾರಿಗಾದರೂ ತಿಳಿಸಬೇಕಲ್ಲ ಎಂದರು. ಬಾಯಿಯವರು ಆ ಪ್ರಶ್ನೆ ತೆಗೆದು, "ತುರ್ತು ಇದ್ದರೆ ಯಾರಿಗೆ ಫೋನ್ ಮಾಡೋಣ?" ಎಂದು ಬರೆದರು. ಗಂಡನ ಹೆಸರು ಹೇಳುವವರು ಹೇಳಿದರು. ಅವ್ವನದು ಹೇಳುವವರು ಅವ್ವನದು ಹೇಳಿದರು. ಸಾಲು ಸರಸರನೆ ಸರಿಯತೊಡಗಿತು.

ಈಗ ನನ್ನ ಸೊಸೆಯ ಮಾತಿಗೆ ಬರುತ್ತೇನೆ. ಈ ಬರಹ ಓದುವವರು ಉಳಿದದ್ದನ್ನು ಮರೆತರೂ ಇದನ್ನು ಮರೆಯಬಾರದು.

ನನ್ನ ಮಗ ಬೋರಗಾಂವದಲ್ಲಿ ಪಾವರ್‌ಲೂಮಿನ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಸೊಸೆ ಭಾರತಿ ಹತ್ತನೆಯ ಇಯತ್ತೆ ಪಾಸಾದವಳು. ಸ್ನೇಹಾ ಆಗ ಕನ್ನಡ ಶಾಲೆಯಲ್ಲಿದ್ದಳು. ನನ್ನ ಗಂಡ ಹಾಸಿಗೆ ಹಿಡಿದಾಗ ಮೈ ಒರೆಸಿ, ಮಗ್ಗುಲು ತಿರುಗಿಸಿ, ಹುಣ್ಣಾಗದಂತೆ ನೋಡಿಕೊಂಡವಳು ಭಾರತಿ. ಅವರು ಹೋದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಅಂದಳು: "ಅತ್ತಿ, ಈ ಕೆಲಸ ನನಗ ಬರತೈತಿ ಅನಸತೈತ್ರಿ. ನಿಮ್ಮ ಆಫೀಸಿನ್ಯಾಗ ಕಲಸತಾರಲ್ಲ, ನಾನೂ ಅರ್ಜಿ ಹಾಕಲೇನ್ರಿ?" ಮದುವೆಯಾಗಿ ಬಂದಾಗಿನಿಂದ ಅವಳು ತನಗೆ ಅಂತ ಕೇಳಿದ್ದು ಅದೊಂದೇ. ನನಗೆ ಎಷ್ಟು ಹಿಗ್ಗಾಯಿತೆಂದರೆ ಅವಳ ಕೈಯಿಂದ ಹಿಟ್ಟು ಕಸಿದುಕೊಂಡು, ಈಗಲೇ ಹೋಗು ಎಂದು ಎಬ್ಬಿಸಿದೆ.

ಹೋದವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಅರ್ಜಿ ಅವಳನ್ನು ಒಳಗೆ ಬಿಡಲಿಲ್ಲ.

ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ವರ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ತವರಿನ ಹೆಸರು ತವರಿಗೇ ಉಳಿಯಿತು. ನನಗೂ ಹಾಗೇ ಆದದ್ದು, ಶಾಂತಾ ಎಂಬುದು ಅಕ್ಕಿಯ ಮೇಲಿನ ಹೆಸರೇ. ಭಾರತಿ ತವರಿನಲ್ಲಿ ನೀಲವ್ವ. ಮಾರ್ಕ್ಸ್ ಕಾರ್ಡಿನಲ್ಲಿ ನೀಲವ್ವ, ರೇಷನ್ ಕಾರ್ಡಿನಲ್ಲಿ ಭಾರತಿ. ಅರ್ಜಿಯಲ್ಲಿ ಹೆಸರು ತುಂಬಲು ಒಂದೇ ಮನೆ, ಒಂದೇ ಚೌಕ. ಭಾರತಿ ಎಂದು ತುಂಬಿದರೆ ಮಾರ್ಕ್ಸ್ ಕಾರ್ಡ್ ನಿಮ್ಮದಲ್ಲ ಎನ್ನುತ್ತದೆ. ನೀಲವ್ವ ಎಂದರೆ ರೇಷನ್ ಕಾರ್ಡ್ ನಿಮ್ಮದಲ್ಲ ಎನ್ನುತ್ತದೆ. ಅರ್ಜಿಗೆ ಉಳಿದದ್ದು ಎರಡೇ ದಿನ.

ನಾನು ವೈಶಾಲಿ ಬಾಯಿಯವರ ಹತ್ತಿರ ಓಡಿದೆ. "ಬಾಯಾರ, ನಿಮ್ಮ ಕೈಯಾಗ ಐತಿ. ಅಕಿ ಒಬ್ಬಾಕಿದು ಒಳಗಿಂದೊಳಗ ಸೇರಿಸಿಬಿಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಮಾವಶಿ, ನಿಮ್ಮ ಸೊಸಿಗೆ ನೀವ ಅದೀರಿ. ಅಥಣಿ ಕಡೆ ಹಿಂಗ ಸಿಕ್ಕೊಂಡು ಕುಂತಾಕಿಗೆ ಯಾರ ಅದಾರ?"

"ನನಗ ಅದೆಲ್ಲಾ ಗೊತ್ತಿಲ್ರಿ. ನನ್ನ ಸೊಸಿ ಬಾಯಿಬಿಟ್ಟು ಕೇಳಿದ್ದು ಇದೊಂದ."

"ಅದಕ್ಕ ಅರ್ಜೀನ ರಿಪೇರಿ ಮಾಡೂಣು" ಎಂದು ಎದ್ದು ನೇರ ಕಾರ್ಯದರ್ಶಿ ಸಾಹೇಬರ ಕೋಣೆಗೆ ಹೋದರು. ನಾನೂ ಚಹಾದ ನೆವ ಮಾಡಿಕೊಂಡು ಹಿಂದೆಯೇ ಹೋದೆ.

ಸಾಹೇಬರು ಒಳ್ಳೆಯವರು, ಆದರೆ ಗುಲಾಬಿ ಕಾಗದವನ್ನು ಸ್ವಂತ ಕೈಯಿಂದ ಬರೆದವರು. ಅದರಲ್ಲಿ ಒಂದು ಗೆರೆ ಮುಟ್ಟಿದರೂ ಅವರಿಗೆ ನೋವು. "ಒಬ್ಬರಿಗೆ ಒಂದ ಹೆಸರು ಇರಬೇಕವಾ. ಎರಡ ಹೆಸರು ಕೇಳಿದ್ರ ನಾಳೆ ಗೋಲ್‌ಮಾಲ್ ಆಗತೈತಿ" ಎಂದರು.

ಬಾಯಿ ವಾದ ಮಾಡಲಿಲ್ಲ. "ಸರ್, ಇದನ್ನ ನಿಮ್ಮ ಮನಿಯಾವ್ರ ಹೆಸರಿಲೆ ತುಂಬಿ ನೋಡ್ರಿ" ಎಂದು ಪರದೆ ಅವರ ಕಡೆ ತಿರುಗಿಸಿ, ಡಬ್ಬಿ ತೆಗೆದು ಲವಂಗ ಬಾಯಿಗೆ ಹಾಕಿಕೊಂಡರು.

ಸಾಹೇಬರು ಸುನಂದಾ ಎಂದು ಒತ್ತಿದರು. ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿಯೂ ಇದೇ ಹೆಸರು ಇದೆಯೇ ಎಂದು ಬಂತು. ಬೆರಳು ನಿಂತಿತು. ತಲೆ ಕೆರೆದುಕೊಂಡರು, ನಮ್ಮನ್ನು ನೋಡಿದರು. ಬಾಯಿ ಲವಂಗ ಕಚ್ಚಿದರು. ಸಾಹೇಬರು ಕೊನೆಗೆ ಮನೆಗೆ ಫೋನ್ ಹಚ್ಚಿದರು.

"ಏ, ಸಾಲ್ಯಾಗ ನಿನ್ನ ಹೆಸರ ಏನಿತ್ತು?"

ಆ ಕಡೆಯ ದನಿ ಬಾಗಿಲ ಹತ್ತಿರ ನಿಂತ ನನಗೂ ಕೇಳಿಸಿತು: "ಯಾಕ್ರಿ? ಇಷ್ಟ ವರ್ಷಕ್ಕ ನೆಪ್ಪಾತೇನು? ಗಂಗೂಬಾಯಿ ಅಂತ. ಮನಿಗೆ ಬರ್ರಿ, ಇನ್ನೂ ಭಾಳ ಅದಾವ ಕೇಳೂವು."

ಸಾಹೇಬರು ಫೋನ್ ಇಟ್ಟು, ನಗು ತಡೆದುಕೊಂಡು, "ಮಾಡ್ರವಾ, ಎರಡ ಮನಿ ಮಾಡ್ರಿ" ಎಂದರು. ಅರ್ಜಿಯ ಅವಧಿಯನ್ನೂ ಮುಂದೆ ಹಾಕಿದರು. ಅವರ ದೊಡ್ಡತನವೂ ನನಗೆ ನೆನಪಿದೆ. ಸೋತದ್ದನ್ನು ನಗುತ್ತ ಒಪ್ಪುವ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ.

ಆ ಎರಡು ಮನೆ ಮಾಡಲು ಬಾಯಿ ಪಟ್ಟ ಪಾಡು ಏನೆಂದು ಹೇಳಲಿ. "ಪೂರ್ವನಾಮ" ಎಂದು ಬರೆದರೆ ನಾನು ನಿಂತೆ. "ವಿವಾಹಪೂರ್ವ ಹೆಸರು" ಎಂದರೂ ಬೆರಳು ಗಾಜಿಗೆ ಮೆತ್ತಿತು. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ತೆಲಸಂಗಕ್ಕೆ ಹೋದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹೆಣ್ಣುಮಕ್ಕಳ ನಡುವೆ ಕೂತು, "ನಿಮ್ಮ ಎರಡು ಹೆಸರಿಗೆ ನೀವು ಏನಂತೀರಿ?" ಎಂದು ಕೇಳಿದರು. ಒಬ್ಬ ಮುದುಕಿ, "ಅದರಾಗ ಏನೈತಬೇ, ಒಂದು ತವರಮನಿ ಹೆಸರು, ಒಂದು ಗಂಡನ ಮನಿ ಹೆಸರು" ಎಂದಳು. ಬಾಯಿ ಅಲ್ಲೇ ಬರೆದುಕೊಂಡರು. ಅರ್ಜಿಯಲ್ಲಿ ಅದೇ ಬಂತು: "ತವರಮನೆಯ ಹೆಸರು. ಗಂಡನ ಮನೆಯ ಹೆಸರು. ಒಂದೇ ಇದ್ದರೆ ಒಂದನ್ನೇ ತುಂಬಿ." ನನ್ನ ಬೆರಳು ಎಲ್ಲಿಯೂ ನಿಲ್ಲದೆ ಜಾರಿ ಹೋಯಿತು.

ಭಾರತಿ ಅರ್ಜಿ ತುಂಬಿದಳು. ನಾನು ಮನೆಯಲ್ಲಿ ಸಿಹಿಗೆಂದು ಸಜ್ಜಕ ಮಾಡಿದೆ.

ಆದರೆ ಅರ್ಜಿ ತುಂಬಿದವಳು ಭಾರತಿ ಒಬ್ಬಳೇ ಅಲ್ಲವಲ್ಲ. ಎರಡು ಹೆಸರಿನ ಹೆಣ್ಣುಮಕ್ಕಳು, ಇಷ್ಟು ವರ್ಷ ಹೊಸ್ತಿಲ ಹೊರಗೇ ನಿಂತವರು, ಎಲ್ಲ ಕಡೆಯಿಂದ ಒಟ್ಟಿಗೆ ಬಂದರು. ಆಯ್ಕೆಯ ಹೆಸರು ಗೋಡೆಗೆ ಹಚ್ಚಿದಾಗ ಭಾರತಿಯದು ಇರಲಿಲ್ಲ. ಅವಳಿಗಿಂತ ಹೆಚ್ಚು ಮಾರ್ಕ್ಸ್ ಇದ್ದವರು ಮುಂದೆ ಹೋಗಿದ್ದರು. ಒಳಗಿಂದೊಳಗೆ ಸೇರಿಸಿದ್ದರೆ ಅವಳ ಜಾಗ ಗಟ್ಟಿ ಇರುತ್ತಿತ್ತು.

ಬಾಯಿಯವರ ಟೇಬಲ್ಲಿಗೆ ಚಹಾ ಇಟ್ಟು ಮಾತಾಡಿಸದೆ ಬರತೊಡಗಿದೆ. ಅವರೂ ಸಮಾಧಾನ ಹೇಳಲು ಬರಲಿಲ್ಲ. ಚಹಾ ಕುಡಿದು ಕಪ್ಪು ತಾವೇ ತೊಳೆದು ಇಡುತ್ತಿದ್ದರು, ಅಷ್ಟೇ. ಮನೆಯಲ್ಲಿ ನಾನು ಅವರನ್ನು ಬೈಯುತ್ತಿದ್ದಾಗ ಭಾರತಿ ತಡೆದಳು.

"ಅತ್ತಿ, ಮೊದಲ ಅರ್ಜಿ ನಾನು ನಾನ ಅಲ್ಲ ಅಂತಿತ್ರಿ. ಈಗ ಇದು, ನೀ ಹೌದು, ಆದ್ರ ಇನ್ನೊಬ್ಬಾಕಿ ನಿನಗಿಂತ ಮುಂದ ಅದಾಳ ಅಂತು. ಎರಡೂ ಒಂದ ಏನ್ರಿ? ಮುಂದಿನ ವರ್ಷ ಮತ್ತ ಹಾಕತೀನಿ."

ಮರುದಿನ ಚಹಾ ಇಟ್ಟು, "ಬಾಯಾರ, ಸಕ್ಕರಿ ಸಾಕೇನ್ರಿ?" ಎಂದೆ. ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸಾಕ್ರಿ ಮಾವಶಿ" ಎಂದರು. ಕಣ್ಣು ತುಂಬಿತ್ತು. ಬಾಯಲ್ಲಿ ಲವಂಗ ಇರಲಿಲ್ಲ.

ಮರುವರ್ಷ ಭಾರತಿಯ ಹೆಸರು ಗೋಡೆಯ ಮೇಲೆ ಬಂತು, ಎರಡೂ ಹೆಸರು ಸೇರಿ. ಇಂದು ಅವಳು ರಾಯಬಾಗದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಬಾಣಂತಿಯರು ಅವಳ ಕೈ ಬಿಡುವುದಿಲ್ಲ. ಅವಳ ಬ್ಯಾಡ್ಜಿನ ಮೇಲೆ ಯಾವ ಹೆಸರು ಬೇಕೆಂದು ಅಲ್ಲಿಯವರು ಕೇಳಿದಾಗ, "ನೀಲವ್ವ ಅಂತ ಹಾಕ್ರಿ" ಎಂದಳಂತೆ. ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ನನ್ನ ಮಗನಂತೂ ಆ ಬ್ಯಾಡ್ಜಿನ ಫೋಟೊ ತೆಗೆದು ಬೋರಗಾಂವಕ್ಕೆಲ್ಲ ತೋರಿಸಿ ಬಂದ.

ಕಾಲ ಬದಲಾಯಿತು. ಫೋನುಗಳು ಬಂದವು, ದೊಡ್ಡ ಪರದೆಯ ಅರ್ಜಿ ಅಂಗೈಗೆ ಇಳಿಯಿತು. ಒಂದು ಸಲಕ್ಕೆ ಒಂದೇ ಪ್ರಶ್ನೆ ಬರುವಂತೆ ಬಾಯಿ ಹೊಸದಾಗಿ ಕಟ್ಟಿದರು. ಮರಾಠಿಯಲ್ಲಿ ಓದುವವರಿಗೆ ಮರಾಠಿ, ಓದಲು ಬಾರದವರಿಗೆ ಓದಿ ಹೇಳುವ ದನಿ. ಅಂಗಡಿಗೆ ಬಂದು ಸಾಲು ನಿಲ್ಲುವುದು ತಪ್ಪಿತು, ಕಾಗವಾಡದ ಹುಡುಗಿ ದ್ರಾಕ್ಷಿ ತೋಟದ ಬದುವಿನಲ್ಲಿ ಕೂತು ಅರ್ಜಿ ಕಳಿಸಿದಳು. ನಾನು ನಿವೃತ್ತಳಾದೆ. ಬಾಯಿ ನಿಪ್ಪಾಣಿಯಲ್ಲಿ ತಮ್ಮದೇ ಆಫೀಸು ತೆರೆದರು. ಈಗ ಅಲ್ಲಿಗೆ ನನ್ನ ಸ್ನೇಹಾ.

ನಿನ್ನೆ ಸಂಜೆ ಸ್ನೇಹಾ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೂಗಿದಳು.

"ಆಯೀ, ಬಾರಬೇ. ನನ್ನ ಮೊದಲನೇ ಅರ್ಜಿ. ತುಂಬು."

"ನನಗ ಕಣ್ಣ ಕಾಣೂದಿಲ್ಲ ಹೋಗ."

"ಕಾಣೂದಿಲ್ಲ ಅಂತನ ಕರದೀನಿ" ಎಂದು ಫೋನು ಕೈಗಿಟ್ಟಳು. ಮುಂದೆ ಅವಳು ಮಾಡಿದ್ದು ನೋಡಿ ನನಗೆ ಅಲ್ಲೇ ಎದ್ದು ಮತ್ತೊಮ್ಮೆ ಪೇಡೆ ಹಂಚಬೇಕು ಅನ್ನಿಸಿತು. ಪರ್ಸಿನಿಂದ ಸಣ್ಣ ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡಳು.

ಅರ್ಜಿ ಯಾವುದೋ ಹೊಲಿಗೆ ತರಬೇತಿಯದು. ಅಕ್ಷರ ದೊಡ್ಡದಾಗಿತ್ತು. ತವರಮನೆಯ ಹೆಸರು, ಗಂಡನ ಮನೆಯ ಹೆಸರು, ಎರಡೂ ತುಂಬಿದೆ. ಆಮೇಲೆ ನಾನು ಕಾಣದ ಒಂದು ಹೊಸ ಪ್ರಶ್ನೆ ಬಂತು: "ನಿಮ್ಮನ್ನು ನಾವು ಯಾವ ಹೆಸರಿನಿಂದ ಕರೆಯೋಣ?" ಕೆಳಗೆ ಎರಡೂ ಹೆಸರು ಒಂದರ ಪಕ್ಕ ಒಂದು ಕೂತಿದ್ದವು.

ನನ್ನ ಬೆರಳು ನಿಂತಿತು. ಸ್ನೇಹಾಳ ಕಣ್ಣು ಆ ಬೆರಳ ಮೇಲೆಯೇ ಇತ್ತು. ಪ್ರಶ್ನೆ ಕೆಟ್ಟದ್ದು ಎಂದು ಅವಳ ಮುಖ ಚಿಕ್ಕದಾಗುತ್ತಿತ್ತು. ಹೇಳಿಕೊಡಬೇಕು ಎಂದು ಬಾಯಿಗೆ ಬಂದದ್ದನ್ನು ಲವಂಗದ ಜೊತೆ ಕಚ್ಚಿ ಹಿಡಿದಳು. ನಾನು ಒಂದನ್ನು ಒತ್ತಿದೆ. ಪರದೆ ಬದಲಾಯಿತು. ಅಕ್ಷರ ಬಂದವು: "ನಮಸ್ಕಾರ ಚಂಪಾ. ನಿಮ್ಮ ಅರ್ಜಿ ನಮಗೆ ತಲುಪಿದೆ."

ಸ್ನೇಹಾ ಲವಂಗ ಉಗಿದು ನನ್ನ ಕೈ ಹಿಡಿದಳು. "ಆಯೀ, ಚಂಪಾ ಯಾರಬೇ?"

"ನಾನ, ತವರಮನ್ಯಾಗ" ಎಂದೆ. "ಇನ್ನೊಮ್ಮೆ ಓದಿ ಹೇಳ ನನಗ."